ತಾಲೀಮು ಮಾಡಿ ಕಲಿತ ಅಹಿಂಸೆ

1959ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರದ ಚರ್ಚೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳು ವಾರಕ್ಕೊಮ್ಮೆ ಸೇರಿ, ಒಬ್ಬರನ್ನೊಬ್ಬರು ಬೈಯುವ ಮತ್ತು ಬೈಸಿಕೊಳ್ಳುವ ಅಭ್ಯಾಸ ಮಾಡುತ್ತಿದ್ದರು. ಕೆಲವರು ಹೋಟೆಲಿನ ಕೌಂಟರಿನ ಮುಂದೆ ಕುಳಿತ ಗಿರಾಕಿಗಳಂತೆ ಸಾಲಾಗಿ ಕುರ್ಚಿಯ ಮೇಲೆ ಕೂರುತ್ತಿದ್ದರು. ಉಳಿದವರು ಬಿಳಿಯ ಪುಂಡರ ಪಾತ್ರ ವಹಿಸಿ ಅವರನ್ನು ಹೀನಾಯವಾಗಿ ನಿಂದಿಸುತ್ತಿದ್ದರು, ಕುರ್ಚಿಯಿಂದ ಕೆಳಗೆ ತಳ್ಳುತ್ತಿದ್ದರು. ಬಿದ್ದವರು ತಲೆಯನ್ನು ಹೇಗೆ ಮುಚ್ಚಿಕೊಳ್ಳಬೇಕು, ಪಕ್ಕದವನ ಮೇಲೆ ಏಟು ಬೀಳುತ್ತಿರುವಾಗ ತಿರುಗಿ ಹೊಡೆಯದೆ ಅವನನ್ನು ಹೇಗೆ ಕಾಪಾಡಬೇಕು, ಹೊಡೆಯುವವನ ಕಣ್ಣಿನಲ್ಲಿ ಕಣ್ಣಿಟ್ಟು ಹೇಗೆ ನೋಡಬೇಕು ಎಂಬುದನ್ನೆಲ್ಲ ಅವರು ಅಲ್ಲಿ ಕಲಿಯುತ್ತಿದ್ದರು. ಗರಡಿಯಲ್ಲಿ ಪೈಲ್ವಾನರು ಪಟ್ಟುಗಳನ್ನು ಮೈಗೂಡಿಸಿಕೊಳ್ಳುವ ಹಾಗೆಯೇ ಈ ಹುಡುಗ ಹುಡುಗಿಯರು ಅಹಿಂಸೆಯನ್ನು ಮೈಗೂಡಿಸಿಕೊಳ್ಳುತ್ತಿದ್ದರು.

ಬಣ್ಣಭೇದದ ವಿರುದ್ಧ ಕಪ್ಪು ಜನರು ನಡೆಸಿದ ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ಮತ್ತು 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಅವರು ಮಾಡಿದ ಭಾಷಣ. ಆ ಭಾಷಣದ ಬಗ್ಗೆ ನನ್ನ ತಕರಾರೇನಿಲ್ಲ. ಆದರೆ ಅದನ್ನಷ್ಟೇ ನೆನಪಿಟ್ಟುಕೊಂಡರೆ ಅಹಿಂಸೆಯೆಂಬುದು ಒಬ್ಬ ಮಹಾತ್ಮನ ಹೃದಯದಲ್ಲಿ ತಾನಾಗಿ ಹುಟ್ಟಿ, ಅವನ ಮಾತಿನ ಮೂಲಕ ಜನರಿಗೆ ಹರಡಿದ ಸದ್ಗುಣ ಎಂಬ ಭಾವನೆ ಬಂದುಬಿಡುತ್ತದೆ. ಆ ಚಳವಳಿಯ ಕುರಿತು ಓದುತ್ತಾ ಹೋದಂತೆ ನನಗೆ ಕಂಡದ್ದು ಬೇರೆಯೇ ಚಿತ್ರ. ಅಲ್ಲಿ ಅಹಿಂಸೆ ಕಲಿಸಬೇಕಾದ, ಕಲಿಯಬೇಕಾದ ವಿದ್ಯೆಯಾಗಿತ್ತು; ಅದಕ್ಕೆ ಗುರುಗಳಿದ್ದರು, ತಾಲೀಮಿತ್ತು, ಲೆಕ್ಕಪತ್ರವಿತ್ತು, ವಾಹನ ವ್ಯವಸ್ಥೆಯಿತ್ತು, ಸೋಲಿನಿಂದ ಕಲಿತ ಪಾಠಗಳಿದ್ದವು. ಅದನ್ನು ನಡೆಸಿದ ನಾಯಕರಲ್ಲಿ ಅನೇಕರು ವೇದಿಕೆಯ ಮೇಲೆ ಕಾಣಿಸಿಕೊಂಡವರೇ ಅಲ್ಲ.

ಕಿಂಗ್ ಅವರಿಂದಲೇ ಆರಂಭಿಸುವುದಾದರೆ, ಅವರೂ ಈ ವಿದ್ಯೆಯನ್ನು ಕಲಿತುಕೊಂಡವರೇ. 1955ರ ಡಿಸೆಂಬರಿನಲ್ಲಿ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ ಬಸ್ ಬಹಿಷ್ಕಾರ ಆರಂಭವಾದಾಗ ಅವರಿಗೆ 26 ವರ್ಷ. ಮರುವರ್ಷದ ಜನವರಿ 30ರಂದು ಅವರ ಮನೆಯ ಮೇಲೆ ಬಾಂಬ್ ದಾಳಿ ನಡೆಯಿತು. ಆ ದಿನಗಳಲ್ಲಿ ಅವರು ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದ್ದರು, ಅದು ತಿರಸ್ಕೃತವಾಗಿತ್ತು. ಮನೆಯ ಸುತ್ತ ಶಸ್ತ್ರ ಹಿಡಿದ ಕಾವಲುಗಾರರಿದ್ದರು. ಆಗ ನ್ಯೂಯಾರ್ಕಿನಿಂದ ಬಂದ ಬೇಯಾರ್ಡ್ ರಸ್ಟಿನ್ ಎಂಬ ಸಂಘಟಕರಿಗೆ ಕಿಂಗ್ ಅವರ ಮನೆಯ ಕುರ್ಚಿಯ ಮೇಲೆಯೇ ಪಿಸ್ತೂಲೊಂದು ಕಾಣಿಸಿತು. ರಸ್ಟಿನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲು ನಿರಾಕರಿಸಿ ಜೈಲು ಕಂಡವರು, ಗಾಂಧೀಜಿಯ ಹತ್ಯೆಯಾದ ವರ್ಷವೇ ಭಾರತಕ್ಕೆ ಬಂದು ಇಲ್ಲಿನ ಗಾಂಧಿವಾದಿಗಳ ಜೊತೆ ಕಾಲ ಕಳೆದವರು. ನಾಯಕನ ಮನೆಯಲ್ಲಿ ಆಯುಧವಿದ್ದರೆ ಅನುಯಾಯಿಗಳ ಶಿಸ್ತು ಉಳಿಯುವುದಿಲ್ಲವೆಂದು ಅವರೂ ಗ್ಲೆನ್ ಸ್ಮೈಲಿ ಎಂಬ ಮತ್ತೊಬ್ಬ ಶಾಂತಿವಾದಿಯೂ ಕಿಂಗ್ ಅವರೊಡನೆ ವಾದಿಸಿದರು. ಕಿಂಗ್ ಒಪ್ಪಿದರು, ಆದರೆ ಒಂದೇ ದಿನದಲ್ಲಿ ಅಲ್ಲ.

ಆ ಬಹಿಷ್ಕಾರ 381 ದಿನ ನಡೆಯಿತು. ಡಿಸೆಂಬರ್ 1ರಂದು ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡಲು ನಿರಾಕರಿಸಿದ್ದಕ್ಕಾಗಿ ರೋಸಾ ಪಾರ್ಕ್ಸ್ ಅವರ ಬಂಧನವಾಯಿತು ಎಂಬುದು ಎಲ್ಲರಿಗೂ ಗೊತ್ತು. ಅದೇ ರಾತ್ರಿ ಅಲಬಾಮಾ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಅವರು ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳೊಂದಿಗೆ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತು ಬೆಳಗಾಗುವಷ್ಟರಲ್ಲಿ ಸಾವಿರಾರು ಕರಪತ್ರಗಳನ್ನು ಅಚ್ಚುಹಾಕಿದ್ದು ಅಷ್ಟಾಗಿ ಗೊತ್ತಿಲ್ಲ. ಅವರು ಅಧ್ಯಕ್ಷೆಯಾಗಿದ್ದ ಮಹಿಳಾ ರಾಜಕೀಯ ಮಂಡಳಿಯು ಬಸ್ ಬಹಿಷ್ಕಾರದ ಯೋಚನೆಯನ್ನು ಬಹಳ ಮೊದಲೇ ಮಾಡಿಟ್ಟಿತ್ತು. ಪಾರ್ಕ್ಸ್ ಅವರಿಗಿಂತ ಒಂಬತ್ತು ತಿಂಗಳು ಮುಂಚೆ, 15 ವರ್ಷದ ಕ್ಲಾಡೆಟ್ ಕಾಲ್ವಿನ್ ಎಂಬ ಹುಡುಗಿ ಇದೇ ಕಾರಣಕ್ಕೆ ಬಂಧಿತಳಾಗಿದ್ದಳು. ಕಿಂಗ್ ಅವರನ್ನು ನಾಯಕರನ್ನಾಗಿ ಆರಿಸಿದ್ದು ಬಹಿಷ್ಕಾರ ಆರಂಭವಾದ ಡಿಸೆಂಬರ್ 5ರಂದು. ಜನರು ಅಂದು ಬೆಳಿಗ್ಗೆಯೇ ಬಸ್ಸುಗಳನ್ನು ಖಾಲಿ ಕಳಿಸಿದ್ದರು.

ಒಂದು ವರ್ಷಕ್ಕೂ ಮಿಕ್ಕಿ ಜನರನ್ನು ಬಸ್ಸಿನಿಂದ ದೂರವಿಡಲು ಭಾಷಣ ಸಾಲದು. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆ ಸೇರಲು ದಾರಿ ಬೇಕು. ಮೊದಲಿಗೆ ಕಪ್ಪು ಜನರ ಟ್ಯಾಕ್ಸಿಗಳು ಬಸ್ಸಿನ ದರವಾದ ಹತ್ತು ಸೆಂಟುಗಳಿಗೇ ಜನರನ್ನು ಒಯ್ದವು. ನಗರಾಡಳಿತ ಕನಿಷ್ಠ ದರದ ನಿಯಮವನ್ನು ಜಾರಿಗೊಳಿಸಿ ಅದನ್ನು ನಿಲ್ಲಿಸಿತು. ಆಮೇಲೆ, 1953ರಲ್ಲೇ ಬ್ಯಾಟನ್ ರೂಜ್ ನಗರದಲ್ಲಿ ಇಂಥದೇ ಬಹಿಷ್ಕಾರ ನಡೆಸಿದ್ದ ಟಿ. ಜೆ. ಜೆಮಿಸನ್ ಎಂಬ ಪಾದ್ರಿಯ ಸಲಹೆಯಂತೆ, ಸುಮಾರು 300 ಖಾಸಗಿ ಕಾರುಗಳ ಸರದಿ ವ್ಯವಸ್ಥೆ ಹುಟ್ಟಿಕೊಂಡಿತು. ಹತ್ತುವ ಜಾಗ, ಇಳಿಯುವ ಜಾಗ, ವೇಳಾಪಟ್ಟಿ ಎಲ್ಲವೂ ಗೊತ್ತಾಗಿದ್ದವು. ವಿಮಾ ಕಂಪನಿಗಳು ಕಾರುಗಳ ವಿಮೆಯನ್ನು ರದ್ದುಪಡಿಸಿದಾಗ ಲಂಡನ್ನಿನ ಲಾಯ್ಡ್ಸ್ ಮೂಲಕ ವಿಮೆ ಮಾಡಿಸಲಾಯಿತು. ಪೆಟ್ರೋಲಿಗೆ ಹಣ ಬೇಕಲ್ಲ? ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯ ಹೆಂಗಸು ತನ್ನಂಥವರನ್ನು ಕೂಡಿಸಿಕೊಂಡು ಕೋಳಿ ಸ್ಯಾಂಡ್‌ವಿಚ್, ಕಡುಬಿನಂಥ ಸಿಹಿ ತಿಂಡಿಗಳನ್ನು ಮಾಡಿ ಮಾರಿ, ಬಂದ ಹಣವನ್ನು ವಾರದ ಸಭೆಯಲ್ಲಿ ಒಪ್ಪಿಸುತ್ತಿದ್ದರು. ಹಣ ಎಲ್ಲಿಂದ ಬಂತೆಂದು ಕೇಳಿದರೆ ‘ಎಲ್ಲಿಂದಲೂ ಇಲ್ಲ’ ಎಂಬುದೇ ಉತ್ತರ. ಆ ಗುಂಪಿನ ಹೆಸರೂ ಅದೇ ಆಗಿತ್ತು. ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದ ಹೆಂಗಸರ ಹೆಸರು ಹೊರಬಿದ್ದರೆ ಅವರು ಕೆಲಸ ಕಳೆದುಕೊಳ್ಳುತ್ತಿದ್ದರು ಎಂಬ ಎಚ್ಚರ ಅದರ ಹಿಂದಿತ್ತು. ಅಹಿಂಸಾತ್ಮಕ ಹೋರಾಟದ ಚರಿತ್ರೆಯನ್ನು ಬರೆಯುವವರು ಈ ಖರ್ಚುವೆಚ್ಚದ ಪುಟವನ್ನು ಏಕೆ ಇಷ್ಟು ಬೇಗ ಮಗುಚಿಬಿಡುತ್ತಾರೋ ತಿಳಿಯದು.

ಇನ್ನು ನ್ಯಾಶ್‌ವಿಲ್ಲಿನ ತಾಲೀಮಿನ ಗುರುವಿನ ವಿಚಾರ. ಜೇಮ್ಸ್ ಲಾಸನ್ 1928ರಲ್ಲಿ ಹುಟ್ಟಿ, ಒಹಾಯೊ ರಾಜ್ಯದ ಮ್ಯಾಸಿಲನ್ ಎಂಬ ಊರಿನಲ್ಲಿ ಬೆಳೆದವರು. ಬಾಲ್ಯದಲ್ಲಿ ತನ್ನನ್ನು ಬಣ್ಣ ಹಿಡಿದು ಹೀಯಾಳಿಸಿದ ಬಿಳಿಯ ಹುಡುಗನ ಕೆನ್ನೆಗೆ ಹೊಡೆದು ಮನೆಗೆ ಬಂದಾಗ, ಅದರಿಂದ ಏನು ಪ್ರಯೋಜನವಾಯಿತೆಂದು ತಾಯಿ ಕೇಳಿದ್ದನ್ನು ಅವರು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು. ಕೊರಿಯಾ ಯುದ್ಧದ ಸಮಯದಲ್ಲಿ ಕಡ್ಡಾಯ ಸೈನ್ಯಸೇವೆಯನ್ನು ನಿರಾಕರಿಸಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದ ಅವರು, ಬಿಡುಗಡೆಯಾದ ಮೇಲೆ 1953ರಲ್ಲಿ ಮೆಥಡಿಸ್ಟ್ ಮಿಷನರಿಯಾಗಿ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದರು. ಸುಮಾರು ಮೂರು ವರ್ಷ ಅಲ್ಲಿದ್ದು ಸತ್ಯಾಗ್ರಹದ ಬಗ್ಗೆ ಅಭ್ಯಾಸ ಮಾಡಿದರು. ಮಾಂಟ್‌ಗೊಮರಿಯ ಬಸ್ ಬಹಿಷ್ಕಾರದ ಸುದ್ದಿಯನ್ನು ಅವರು ಓದಿದ್ದೇ ನಾಗಪುರದ ಪತ್ರಿಕೆಯೊಂದರಲ್ಲಿ. 1956ರಲ್ಲಿ ತಾಯ್ನಾಡಿಗೆ ಮರಳಿದ ಅವರು ಮರುವರ್ಷದ ಫೆಬ್ರವರಿಯಲ್ಲಿ ಓಬರ್ಲಿನ್ ಕಾಲೇಜಿನಲ್ಲಿ ಕಿಂಗ್ ಅವರನ್ನು ಭೇಟಿಯಾದಾಗ ಇಬ್ಬರಿಗೂ 28 ವರ್ಷ. ಓದು ಮುಗಿಸಿ ದಕ್ಷಿಣಕ್ಕೆ ಬರುತ್ತೇನೆಂದ ಲಾಸನ್ ಅವರಿಗೆ ಕಿಂಗ್ ಹೇಳಿದ್ದು, ಕಾಯಬೇಡಿ, ಈಗಲೇ ಬನ್ನಿ ಎಂದು.

ಭಾರತದ ನಂಟಿನ ಮಾತು ಬಂದಾಗ ಕನ್ನಡಿಗರು ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾಗಿದ್ದರು. ಅದೇ ವರ್ಷ ಅಮೆರಿಕ ಪ್ರವಾಸ ಕೈಗೊಂಡ ಅವರು ಅಲ್ಲಿನ ಕಪ್ಪು ಜನರ ಮುಂದೆ ಕಾನೂನುಭಂಗದ ಮಾರ್ಗವನ್ನು, ಅನ್ಯಾಯದ ಕಟ್ಟಳೆಗಳನ್ನು ಮುರಿದು ಜೈಲಿಗೆ ಹೋಗುವ ಮಾತನ್ನು ಎತ್ತಿದರು. ಮಾಂಟ್‌ಗೊಮರಿಗೆ ಇನ್ನೂ ನಾಲ್ಕು ವರ್ಷವಿತ್ತು. 1964ರ ಮೇ ತಿಂಗಳಲ್ಲಿ ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ ಉಪಾಹಾರ ಗೃಹವೊಂದು ಬಣ್ಣದ ಕಾರಣಕ್ಕೆ ಅವರನ್ನು ಒಳಗೆ ಬಿಡದಿದ್ದಾಗ, ಅಲ್ಲಿಂದ ಕದಲದೆ ನಿಂತು ಸ್ವತಃ ಬಂಧನಕ್ಕೊಳಗಾದರು. ಇದರಿಂದ ಅಮೆರಿಕದ ಚಳವಳಿ ನಮ್ಮ ಕೊಡುಗೆ ಎಂದು ಬೀಗಬೇಕಾಗಿಲ್ಲ. ಅಲ್ಲಿನ ಕಪ್ಪು ಜನರಿಗೆ ತಮ್ಮದೇ ಚರ್ಚು, ತಮ್ಮದೇ ಹಾಡು, ತಮ್ಮದೇ ದೀರ್ಘ ಹೋರಾಟದ ಪರಂಪರೆಯಿತ್ತು; ಲಾಸನ್ ನಾಗಪುರದಲ್ಲಿ ಕಲಿತದ್ದನ್ನು ಬೈಬಲ್ಲಿನ ಭಾಷೆಯಲ್ಲೇ ಹೇಳಿಕೊಟ್ಟರು.

ಲಾಸನ್ ಅವರ ಬಳಿ ಕಲಿತವರಲ್ಲಿ ಶಿಕಾಗೊದಿಂದ ಫಿಸ್ಕ್ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಡಯೇನ್ ನ್ಯಾಶ್, ಅಲಬಾಮಾದ ರೈತ ಕುಟುಂಬದ ಜಾನ್ ಲೂಯಿಸ್, ಜೇಮ್ಸ್ ಬೆವೆಲ್, ಬರ್ನಾರ್ಡ್ ಲಫಾಯೆಟ್ ಮುಂತಾದವರಿದ್ದರು. ನ್ಯಾಶ್‌ವಿಲ್ಲಿನ ದೊಡ್ಡ ಅಂಗಡಿಗಳಲ್ಲಿ ಕಪ್ಪು ಜನರು ಬಟ್ಟೆ, ಪಾತ್ರೆ ಕೊಳ್ಳಬಹುದಿತ್ತು. ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿಯುವಂತಿರಲಿಲ್ಲ. ವಿದ್ಯಾರ್ಥಿಗಳು 1959ರ ಕೊನೆಯಲ್ಲಿ ಎರಡು ಅಂಗಡಿಗಳಿಗೆ ಹೋಗಿ, ಕುಳಿತು, ಕೇಳಿ, ಇಲ್ಲವೆಂಬ ಉತ್ತರ ಪಡೆದು, ಸದ್ದಿಲ್ಲದೆ ಎದ್ದು ಬಂದರು. ಅದು ಪರೀಕ್ಷಾರ್ಥ ಭೇಟಿ. ಅಷ್ಟರಲ್ಲಿ 1960ರ ಫೆಬ್ರವರಿ 1ರಂದು ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯ ಕೌಂಟರಿನಲ್ಲಿ ಕುಳಿತುಬಿಟ್ಟರು, ಸುದ್ದಿ ದೇಶವಿಡೀ ಹಬ್ಬಿತು. ಕಿಡಿ ಬೇರೆಡೆ ಹೊತ್ತಿದರೂ ಸಿದ್ಧತೆಯಿದ್ದದ್ದು ನ್ಯಾಶ್‌ವಿಲ್ಲಿನಲ್ಲಿ: ಫೆಬ್ರವರಿ 13ರಂದು 124 ವಿದ್ಯಾರ್ಥಿಗಳು ಅಚ್ಚುಕಟ್ಟಾಗಿ ಉಡುಪು ಧರಿಸಿ, ಪುಸ್ತಕ ಹಿಡಿದು, ಮೂರು ಅಂಗಡಿಗಳ ಕೌಂಟರುಗಳಲ್ಲಿ ಕುಳಿತು ಪಾಠ ಓದಿಕೊಳ್ಳತೊಡಗಿದರು.

ಅವರಿಗಾಗಿ ಬರೆದಿಟ್ಟ ನಿಯಮಾವಳಿ ಇಂದಿಗೂ ಓದತಕ್ಕದ್ದು. ಬೈದರೂ ಹೊಡೆದರೂ ತಿರುಗಿಸಬೇಡಿ, ಗಟ್ಟಿಯಾಗಿ ನಗಬೇಡಿ, ನೆಟ್ಟಗೆ ಕುಳಿತು ಕೌಂಟರಿನ ಕಡೆಗೇ ಮುಖ ಮಾಡಿರಿ, ನಿಮ್ಮ ಮುಂದಾಳು ಹೇಳದೆ ಜಾಗ ಬಿಡಬೇಡಿ, ಅಂಗಡಿಯ ಬಾಗಿಲನ್ನಾಗಲಿ ನಡೆದಾಡುವ ದಾರಿಯನ್ನಾಗಲಿ ಅಡ್ಡಗಟ್ಟಬೇಡಿ. ನಗಬಾರದೆಂಬ ನಿಯಮವೇ ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಏಕೆಂದರೆ ಇಪ್ಪತ್ತರ ಹರೆಯದವರು ಭಯವಾದಾಗ ಏನು ಮಾಡುತ್ತಾರೆಂದು ಬಲ್ಲವರಷ್ಟೇ ಅದನ್ನು ಬರೆಯಬಲ್ಲರು. ಫೆಬ್ರವರಿ 27ರಂದು ಪೊಲೀಸರು ಪಕ್ಕಕ್ಕೆ ಸರಿದು ನಿಂತರು, ಬಿಳಿಯ ಯುವಕರ ಗುಂಪು ಒಳನುಗ್ಗಿ ಕುಳಿತವರನ್ನು ಎಳೆದು ಥಳಿಸಿತು, ಮೈಮೇಲೆ ಸಿಗರೇಟು ಒತ್ತಿತು. ಬಂಧನವಾದದ್ದು ಥಳಿಸಿದವರದಲ್ಲ, ಏಟು ತಿಂದ 80ರಷ್ಟು ವಿದ್ಯಾರ್ಥಿಗಳದು. ಒಂದು ಸಾಲನ್ನು ಪೊಲೀಸರು ಎಬ್ಬಿಸಿ ಒಯ್ದೊಡನೆ ಇನ್ನೊಂದು ಸಾಲು ಬಂದು ಅದೇ ಜಾಗದಲ್ಲಿ ಕುಳಿತಿತು. ನ್ಯಾಯಾಲಯ ದಂಡ ವಿಧಿಸಿದಾಗ, ದಂಡ ಕಟ್ಟಿದರೆ ಈ ಅನ್ಯಾಯಕ್ಕೆ ನಾವೇ ನೆರವಾದಂತಾಗುತ್ತದೆಂದು ಹೇಳಿ ನ್ಯಾಶ್ ಮತ್ತು ಜೊತೆಯವರು ಜೈಲನ್ನೇ ಆರಿಸಿಕೊಂಡರು. ಲಾಸನ್ ಅವರನ್ನು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಹೊರಹಾಕಿತು.

ಈಸ್ಟರ್ ಹಬ್ಬದ ವ್ಯಾಪಾರದ ಸಮಯಕ್ಕೆ ಕಪ್ಪು ಜನರು ಆ ಅಂಗಡಿಗಳನ್ನು ಬಹಿಷ್ಕರಿಸಿದರು. ಗಲಾಟೆಗೆ ಹೆದರಿ ಬಿಳಿಯರೂ ಪೇಟೆಗೆ ಬರುವುದನ್ನು ಕಡಿಮೆ ಮಾಡಿದರು. ಏಪ್ರಿಲ್ 19ರ ಬೆಳಗಿನ ಜಾವ ವಿದ್ಯಾರ್ಥಿಗಳ ಪರ ವಾದಿಸುತ್ತಿದ್ದ ವಕೀಲ ಅಲೆಗ್ಸಾಂಡರ್ ಲೂಬಿ ಅವರ ಮನೆಯನ್ನು ಡೈನಮೈಟ್ ಇಟ್ಟು ಸ್ಫೋಟಿಸಲಾಯಿತು; ಅವರೂ ಅವರ ಪತ್ನಿಯೂ ಬದುಕುಳಿದರು. ಅದೇ ದಿನ ಸಾವಿರಾರು ಜನರು ಘೋಷಣೆಯಿಲ್ಲದೆ, ಹಾಡಿಲ್ಲದೆ, ಸಾಲಾಗಿ ನಡೆದು ನಗರಸಭೆಯ ಮುಂದೆ ಬಂದು ನಿಂತರು. ಅಲ್ಲಿ ಡಯೇನ್ ನ್ಯಾಶ್ ಮೇಯರ್ ಬೆನ್ ವೆಸ್ಟ್ ಅವರನ್ನು ಕೇಳಿದ ಪ್ರಶ್ನೆ ಕಾನೂನಿನದಾಗಿರಲಿಲ್ಲ: ಬಣ್ಣದ ಕಾರಣಕ್ಕೆ ಮನುಷ್ಯರಲ್ಲಿ ಭೇದ ಮಾಡುವುದು ತಪ್ಪೆಂದು ನಿಮಗೆ ಅನ್ನಿಸುತ್ತದೆಯೇ? ಮೇಯರ್ ಹೌದೆಂದು ಒಪ್ಪಿಕೊಂಡರು. ಮೇ 10ರಂದು ಆರು ಅಂಗಡಿಗಳ ಕೌಂಟರುಗಳು ಕಪ್ಪು ಜನರಿಗೆ ತೆರೆದವು. ಆ ದಿನಕ್ಕೂ ಸಿದ್ಧತೆಯಿತ್ತು. ಸಿಬ್ಬಂದಿಗೆ ಮೊದಲೇ ತಿಳಿಸಿ, ಸುದ್ದಿಗೆ ಅಬ್ಬರ ಬರದಂತೆ ನೋಡಿಕೊಂಡು, ಸಣ್ಣ ಸಣ್ಣ ಗುಂಪುಗಳನ್ನು ಗೊತ್ತುಮಾಡಿದ ಹೊತ್ತಿಗೆ ಕಳಿಸಲಾಯಿತು. ಗೆದ್ದವರು ಮೆರವಣಿಗೆ ಮಾಡಲಿಲ್ಲ. ಸೋತವರ ಮುಖ ಉಳಿಸುವುದೂ ಯೋಜನೆಯ ಭಾಗವಾಗಿತ್ತು.

ಆ ಏಪ್ರಿಲಿನಲ್ಲೇ ಎಲಾ ಬೇಕರ್ ಎಂಬ ಹಿರಿಯ ಸಂಘಟಕಿ ಉತ್ತರ ಕ್ಯಾರೊಲಿನಾದ ರಾಲಿ ನಗರದಲ್ಲಿ ವಿದ್ಯಾರ್ಥಿಗಳ ಸಮಾವೇಶ ಕರೆದರು. 1940ರ ದಶಕದಲ್ಲಿ ದಕ್ಷಿಣದ ಊರೂರು ಸುತ್ತಿ ಕಪ್ಪು ಜನರ ಹಕ್ಕುಗಳ ಸಂಘಟನೆಯ ಶಾಖೆಗಳನ್ನು ಕಟ್ಟಿದ್ದ ಅವರು ಆಗ ಕಿಂಗ್ ಅವರ ಸಂಸ್ಥೆಯಲ್ಲೇ ಕೆಲಸ ಮಾಡುತ್ತಿದ್ದರು. ವಿದ್ಯಾರ್ಥಿಗಳು ಆ ಸಂಸ್ಥೆಯ ಬಾಲವಾಗುವ ಬದಲು ತಮ್ಮದೇ ಸಂಘಟನೆ ಕಟ್ಟಿಕೊಳ್ಳಲೆಂದು ಅವರು ಒತ್ತಾಯಿಸಿದ್ದರಿಂದ ವಿದ್ಯಾರ್ಥಿಗಳ ಅಹಿಂಸಾತ್ಮಕ ಸಮನ್ವಯ ಸಮಿತಿ ಹುಟ್ಟಿತು. ಗಟ್ಟಿ ಜನರಿಗೆ ಗಟ್ಟಿ ನಾಯಕರು ಬೇಕಿಲ್ಲ ಎಂಬುದು ಅವರ ನಿಲುವು. ಕಿಂಗ್ ಅವರಂಥ ವಾಗ್ಮಿಯ ಸಮ್ಮುಖದಲ್ಲೇ ಅದನ್ನು ಹೇಳುವ ಧೈರ್ಯ ಅವರಿಗಿತ್ತು, ಮತ್ತು ಆ ಸಂಸ್ಥೆಯ ಪಾದ್ರಿಗಳು ಹೆಂಗಸೊಬ್ಬಳ ಮಾತನ್ನು ಎಷ್ಟರಮಟ್ಟಿಗೆ ಕೇಳುತ್ತಾರೆಂಬ ಅನುಭವವೂ ಇತ್ತು. ಮರುವರ್ಷ, ಕಪ್ಪು ಜನರೂ ಬಿಳಿಯರೂ ಒಟ್ಟಿಗೆ ಪ್ರಯಾಣಿಸುವ ಹಕ್ಕಿಗಾಗಿ ಹೊರಟ ಬಸ್ಸೊಂದನ್ನು ಅಲಬಾಮಾದ ಆನಿಸ್ಟನ್ ಬಳಿ ಬಿಳಿಯರ ಗುಂಪು ಸುಟ್ಟು, ಯಾತ್ರೆಯೇ ನಿಂತುಹೋಗುವಂತಾದಾಗ ಹೊಸ ತಂಡವನ್ನು ಕಳಿಸಿದವರು ನ್ಯಾಶ್‌ವಿಲ್ಲಿನ ಇದೇ ಡಯೇನ್ ನ್ಯಾಶ್. ಹೊರಟವರಲ್ಲಿ ಕೆಲವರು ಉಯಿಲು ಬರೆದು ಅವರ ಕೈಗಿತ್ತಿದ್ದರು.

ಅಹಿಂಸೆ ಸೋಲುವುದೇ ಇಲ್ಲವೆಂದು ನಂಬುವವರು ಜಾರ್ಜಿಯಾದ ಆಲ್ಬನಿ ನಗರದ ಕತೆಯನ್ನು ಓದಬೇಕು. ಅಲ್ಲಿ 1961 ಮತ್ತು 62ರಲ್ಲಿ ದೊಡ್ಡ ಚಳವಳಿ ನಡೆಯಿತು, ಕಿಂಗ್ ಬಂದರು, ನೂರಾರು ಜನ ಜೈಲಿಗೆ ಹೋದರು. ಆದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ ಲಾರಿ ಪ್ರಿಚೆಟ್ ಕೂಡ ಓದುವ ಮನುಷ್ಯನಾಗಿದ್ದ. ಕಿಂಗ್ ಅವರ ವಿಧಾನವನ್ನು ಅಭ್ಯಾಸ ಮಾಡಿದ ಅವನು, ಕ್ಯಾಮೆರಾಗಳ ಮುಂದೆ ಯಾರಿಗೂ ಹೊಡೆಯದಂತೆ ತನ್ನ ಪೊಲೀಸರಿಗೆ ತರಬೇತಿ ನೀಡಿ, ಬಂಧಿತರಿಂದ ಜೈಲು ತುಂಬಿಹೋಗದಂತೆ ಸುತ್ತಲಿನ ಕೌಂಟಿಗಳ ಜೈಲುಗಳಲ್ಲಿ ಮೊದಲೇ ಜಾಗ ಮಾಡಿಟ್ಟುಕೊಂಡಿದ್ದ. ದಂಡ ಕಟ್ಟದೆ ಜೈಲಿನಲ್ಲಿ ಕೂರಲು ಬಂದ ಕಿಂಗ್ ಮತ್ತು ಅವರ ಸಂಗಾತಿ ರಾಲ್ಫ್ ಆಬರ್ನಥಿ ಅವರ ದಂಡವನ್ನು ಹೆಸರು ಹೇಳದ ಯಾರೋ ಕಟ್ಟಿ ಅವರನ್ನು ಹೊರಕಳಿಸಿದರು. ಬೇಕಾದಷ್ಟು ಕಡೆ ನನ್ನನ್ನು ಹೊರಹಾಕಿದ್ದಾರೆ, ಜೈಲಿನಿಂದ ಹೊರಹಾಕಿದ್ದು ಇದೇ ಮೊದಲು ಎಂದು ಆಬರ್ನಥಿ ನಗೆಯಾಡಿದರಂತೆ. ಬೇಡಿಕೆಗಳು ಹಲವು, ಒತ್ತಡ ಚದುರಿತ್ತು, ಎದುರಾಳಿ ಜಾಣನಾಗಿದ್ದ. ಕಿಂಗ್ ಬರಿಗೈಯಲ್ಲಿ ಮರಳಬೇಕಾಯಿತು.

1963ರ ಬರ್ಮಿಂಗ್‌ಹ್ಯಾಮ್ ಆ ಸೋಲಿನಿಂದ ಹುಟ್ಟಿದ್ದು. ಆ ಊರಿನಲ್ಲಿ ಫ್ರೆಡ್ ಶಟಲ್ಸ್‌ವರ್ತ್ ಎಂಬ ಎದೆಗಾರ ಪಾದ್ರಿಯಿದ್ದರು. 1956ರ ಕ್ರಿಸ್‌ಮಸ್ ರಾತ್ರಿ ಮನೆ ಬಾಂಬಿಗೆ ಕುಸಿದರೂ ಮರುದಿನ ಜನರೊಂದಿಗೆ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತವರು. ಈ ಸಲ ಗುರಿ ನಗರದ ಎಲ್ಲ ಕಟ್ಟಳೆಗಳಲ್ಲ, ಪೇಟೆಯ ಅಂಗಡಿಗಳು. ವೇಳೆ ಈಸ್ಟರ್ ವ್ಯಾಪಾರದ್ದು. ಯೋಜನೆ ರೂಪಿಸಿದ ವಯಟ್ ಟೀ ವಾಕರ್ ಅವರು ಅಂಗಡಿಗಳಿಗೆ ಹೋಗಿ ಊಟದ ಕೌಂಟರುಗಳ ಸ್ಟೂಲುಗಳನ್ನು ಎಣಿಸಿದರು, ಚರ್ಚಿನಿಂದ ಪೇಟೆಗೆ ಯುವಕರು ನಡೆದರೆ ಎಷ್ಟು ಹೊತ್ತು, ಮುದುಕರು ನಡೆದರೆ ಎಷ್ಟು ಹೊತ್ತು ಎಂದು ಅಳೆದರು. ಭಾಗವಹಿಸುವವರು ಹತ್ತು ಅಂಶಗಳ ಮುಚ್ಚಳಿಕೆಗೆ ಸಹಿ ಹಾಕಬೇಕಿತ್ತು: ಕೈಯ, ನಾಲಿಗೆಯ, ಹೃದಯದ ಹಿಂಸೆಯಿಂದ ದೂರವಿರುವುದಾಗಿ, ಗೆಲುವನ್ನಲ್ಲ, ನ್ಯಾಯವನ್ನೂ ಸಾಮರಸ್ಯವನ್ನೂ ಬಯಸುವುದಾಗಿ. ಅಷ್ಟು ಸಂಯಮ ತನ್ನಿಂದಾಗದು ಎಂದವರನ್ನು ಹೀಗಳೆಯದೆ ಫೋನು ನೋಡಿಕೊಳ್ಳಲು, ಟೈಪು ಮಾಡಲು, ಕಾರು ಓಡಿಸಲು ಹಚ್ಚಿದರು.

ಏಪ್ರಿಲ್ 12ರ ಗುಡ್‌ಫ್ರೈಡೆಯಂದು ತಡೆಯಾಜ್ಞೆ ಮೀರಿ ಬಂಧಿತರಾದ ಕಿಂಗ್, ಕಾಯಿರಿ ಎಂದು ಬುದ್ಧಿ ಹೇಳಿದ್ದ ಎಂಟು ಬಿಳಿಯ ಧರ್ಮಗುರುಗಳಿಗೆ ಉತ್ತರವಾಗಿ ಜೈಲಿನಿಂದ ಪತ್ರ ಬರೆದರು. ಅದರ ಮೊದಲ ಭಾಗಗಳನ್ನು ಬರೆದದ್ದು ಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲಿ. ಪತ್ರ ಇಂದು ಪ್ರಸಿದ್ಧ. ಆದರೆ ಆಗ ಚಳವಳಿ ಬಡವಾಗುತ್ತಿತ್ತು. ಕೆಲಸ ಹೋದೀತೆಂಬ ಭಯಕ್ಕೆ ದೊಡ್ಡವರು ಜೈಲಿಗೆ ಬರುತ್ತಿರಲಿಲ್ಲ. ಲಾಸನ್ ಅವರ ಶಿಷ್ಯ ಜೇಮ್ಸ್ ಬೆವೆಲ್ ಶಾಲೆಯ ಮಕ್ಕಳನ್ನು ಕರೆತರಲು ಸೂಚಿಸಿದರು. ಮೇ 2ರಂದು ಸಾವಿರಕ್ಕೂ ಹೆಚ್ಚು ಮಕ್ಕಳು ಚರ್ಚಿನಿಂದ ಹಾಡುತ್ತಾ ಹೊರಬಂದರು, ನೂರಾರು ಮಕ್ಕಳು ಬಂಧಿತರಾದರು. ಮರುದಿನ ನಗರದ ಪೊಲೀಸ್ ಮತ್ತು ಅಗ್ನಿಶಾಮಕ ದಳಗಳ ಹೊಣೆ ಹೊತ್ತಿದ್ದ ಅಧಿಕಾರಿ ಬುಲ್ ಕಾನರ್ ಅಗ್ನಿಶಾಮಕ ದಳದ ನೀರಿನ ಕೊಳವೆಗಳನ್ನೂ ಪೊಲೀಸ್ ನಾಯಿಗಳನ್ನೂ ಅವರ ಮೇಲೆ ಬಿಟ್ಟ. ಆ ಚಿತ್ರಗಳನ್ನು ಜಗತ್ತೇ ನೋಡಿತು, ಮೇ 10ರಂದು ಒಪ್ಪಂದವಾಯಿತು. ಮಕ್ಕಳನ್ನು ಮುಂದೆ ನಿಲ್ಲಿಸಿದ್ದು ಸರಿಯೇ? ಅಹಿಂಸೆಯ ಮಾರ್ಗವನ್ನು ಒಪ್ಪದ ಕಪ್ಪು ನಾಯಕ ಮ್ಯಾಲ್ಕಂ ಎಕ್ಸ್ ಮತ್ತು ಕೇಂದ್ರ ಸರ್ಕಾರದ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ, ಬೇರೆ ಯಾವುದರಲ್ಲೂ ಒಮ್ಮತವಿರದಿದ್ದ ಈ ಇಬ್ಬರೂ, ಅದನ್ನು ಖಂಡಿಸಿದ್ದರು. ಪ್ರಿಚೆಟ್‌ನಂಥವನ ಮುಂದೆ ನಿಷ್ಫಲವಾದ ವಿಧಾನ ಕಾನರ್‌ನಂಥವನ ಮುಂದೆ ಫಲಿಸಿತೆಂದರೆ, ಅಹಿಂಸೆಯ ಯಶಸ್ಸಿಗೆ ಎದುರಾಳಿಯ ಹಿಂಸೆ ಬೇಕಾಗಿತ್ತೆಂಬ ಕಟುಸತ್ಯವನ್ನು ನುಂಗಿಕೊಳ್ಳಲೇಬೇಕು. ಆ ಮಕ್ಕಳು ಬೇರ್ಪಡಿಸಿದ ಶಾಲೆ, ಬೇರ್ಪಡಿಸಿದ ಬೀದಿಗಳಲ್ಲಿ ಪ್ರತಿದಿನ ಅನುಭವಿಸುತ್ತಿದ್ದ ಹಿಂಸೆಗೆ ಯಾವ ಕ್ಯಾಮೆರಾವೂ ಇರಲಿಲ್ಲ ಎಂಬುದೂ ಅಷ್ಟೇ ನಿಜ. ನಾನು ಬೆವೆಲ್ ಅವರ ಪರವಾಗಿದ್ದೇನೆ, ಆದರೆ ನಿಶ್ಚಿಂತೆಯಿಂದಲ್ಲ. ಸೆಪ್ಟೆಂಬರ್ 15ರಂದು ಅದೇ ಚರ್ಚಿನಲ್ಲಿ ಬಾಂಬಿಗೆ ನಾಲ್ವರು ಹುಡುಗಿಯರು ಬಲಿಯಾದರು.

ಕಿಂಗ್ ಆ ಪ್ರಸಿದ್ಧ ಭಾಷಣ ಮಾಡಿದ ವಾಷಿಂಗ್ಟನ್ ಮೆರವಣಿಗೆಯನ್ನು ಎರಡು ತಿಂಗಳೊಳಗೆ ಸಂಘಟಿಸಿದ್ದು ರಸ್ಟಿನ್. ಎರಡೂವರೆ ಲಕ್ಷ ಜನರಿಗೆ ನೀರು, ಶೌಚಾಲಯ, ಧ್ವನಿವರ್ಧಕ, ಬಸ್ಸುಗಳ ನಿಲುಗಡೆ, ಬಿಸಿಲಿಗೆ ಕೆಡುವ ಮೇಯೊನೇಸ್ ಬಳಸದೆ ಬುತ್ತಿ ತರಬೇಕೆಂಬ ಸೂಚನೆ, ಎಲ್ಲವೂ ಅವರ ಪಟ್ಟಿಯಲ್ಲಿದ್ದವು. ಆಯುಧವಿಲ್ಲದೆ ಜನಸಂದಣಿಯನ್ನು ನಿಭಾಯಿಸಲು ನ್ಯೂಯಾರ್ಕಿನ ಕಪ್ಪು ಪೊಲೀಸರಿಗೆ ಅವರೇ ತರಬೇತಿ ಕೊಟ್ಟರು. ಅವರು ಸಲಿಂಗಿಯೆಂಬ ಕಾರಣಕ್ಕೆ ಹಿಂದೆ ಚಳವಳಿಯ ಹಿರಿಯರೇ ಅವರನ್ನು ದೂರವಿಟ್ಟಿದ್ದರು. ಈ ಸಲ ಸೆನೆಟಿನಲ್ಲಿ ಅವರ ಮೇಲೆ ಕೆಸರೆರಚಿದಾಗ ವಯೋವೃದ್ಧ ನಾಯಕ ಫಿಲಿಪ್ ರಾಂಡಾಲ್ಫ್ ಅವರ ಬೆನ್ನಿಗೆ ನಿಂತರು.

ತಾಲೀಮಿಲ್ಲದಿದ್ದರೆ ಏನಾಗುತ್ತದೆಂಬುದು 1968ರಲ್ಲಿ ಮೆಂಫಿಸ್ ನಗರದಲ್ಲಿ ಕಂಡಿತು. ಫೆಬ್ರವರಿ 1ರಂದು ಮಳೆಯಿಂದ ರಕ್ಷಣೆಗೆಂದು ಕಸದ ಲಾರಿಯೊಳಗೆ ನಿಂತಿದ್ದ ಇಬ್ಬರು ಪೌರಕಾರ್ಮಿಕರು, ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್, ಯಂತ್ರಕ್ಕೆ ಸಿಕ್ಕಿ ಸತ್ತರು. ಹನ್ನೆರಡನೆಯ ತಾರೀಖು 1,300 ಕಾರ್ಮಿಕರು ಮುಷ್ಕರ ಹೂಡಿದರು. ಅವರು ಎತ್ತಿ ಹಿಡಿದ ಫಲಕದಲ್ಲಿ ಇದ್ದದ್ದು ‘ನಾನು ಮನುಷ್ಯ’ ಎಂಬುದಷ್ಟೇ. ಅಲ್ಲಿ ಪಾದ್ರಿಯಾಗಿದ್ದ ಲಾಸನ್ ಮುಷ್ಕರದ ಕಾರ್ಯತಂತ್ರ ಸಮಿತಿಯ ಅಧ್ಯಕ್ಷರಾಗಿದ್ದರು, ಕಿಂಗ್ ಅವರನ್ನು ಕರೆಸಿದ್ದೂ ಅವರೇ. ಮಾರ್ಚ್ 28ರ ಮೆರವಣಿಗೆಯಲ್ಲಿ ಹೊಸಬರ ಗುಂಪು ಅಂಗಡಿಗಳ ಗಾಜು ಒಡೆಯಿತು. ಲಾಸನ್ ಧ್ವನಿವರ್ಧಕ ಹಿಡಿದು ಜನರನ್ನು ಚರ್ಚಿಗೆ ಹಿಂದಿರುಗಲು ಹೇಳಿ, ಕಿಂಗ್ ಅವರನ್ನು ಅಲ್ಲಿಂದ ಹೊರಡಿಸಿದರು. ಪೊಲೀಸರ ಗುಂಡಿಗೆ ಲ್ಯಾರಿ ಪೇಯ್ನ್ ಎಂಬ 16 ವರ್ಷದ ಹುಡುಗ ಸತ್ತ. ಶಾಂತವಾದ ಮೆರವಣಿಗೆ ಇನ್ನೂ ಸಾಧ್ಯವೆಂದು ತೋರಿಸಲು ಮರಳಿ ಬಂದ ಕಿಂಗ್ ಏಪ್ರಿಲ್ 4ರಂದು ಲೊರೇನ್ ಮೋಟೆಲಿನಲ್ಲಿ ಹತ್ಯೆಯಾದರು. ಏಪ್ರಿಲ್ 8ರಂದು, ರಸ್ಟಿನ್ ಮತ್ತು ಲಾಸನ್ ಅವರ ವ್ಯವಸ್ಥೆಯಲ್ಲಿ, ಕಿಂಗ್ ಅವರ ಪತ್ನಿ ಕೊರೆಟಾ ಸ್ಕಾಟ್ ಕಿಂಗ್ ಅವರ ಮುಂದಾಳತ್ವದಲ್ಲಿ ಸಾವಿರ ಸಾವಿರ ಜನರು ಮೌನವಾಗಿ ನಡೆದರು. ಒಂದು ಗಾಜೂ ಒಡೆಯಲಿಲ್ಲ. ಏಪ್ರಿಲ್ 16ರಂದು ನಗರಾಡಳಿತ ಕಾರ್ಮಿಕರ ಸಂಘಕ್ಕೆ ಮಾನ್ಯತೆ ನೀಡಿ ಕೂಲಿ ಹೆಚ್ಚಿಸಲು ಒಪ್ಪಿತು. ಆ ಮಾತನ್ನು ಉಳಿಸಿಕೊಳ್ಳುವಂತೆ ಮಾಡಲು ಕೆಲವೇ ತಿಂಗಳಲ್ಲಿ ಕಾರ್ಮಿಕರು ಮತ್ತೊಮ್ಮೆ ಮುಷ್ಕರದ ಎಚ್ಚರಿಕೆ ಕೊಡಬೇಕಾಯಿತು.